ಬಿದ್ದ ಬೆಳಕು ಎಲ್ಲಿ ಹೋಯ್ತು?

ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ. ಈ ನಾಲ್ಕೂ ಊರುಗಳಲ್ಲಿ ಸೂರ್ಯ ಸರಿಯಾಗಿ ನೆತ್ತಿಗೆ ಬಂದು, ನೆಟ್ಟ ಕೋಲಿಗೆ ನೆರಳೇ ಇಲ್ಲದಂತಾಗುವುದು ವರ್ಷಕ್ಕೆ ಎರಡು ಸಲ. ಏಪ್ರಿಲ್ 27–28ರ ಆಸುಪಾಸು ಒಮ್ಮೆ, ಆಗಸ್ಟ್ 15ರ ಆಸುಪಾಸು ಇನ್ನೊಮ್ಮೆ. ಚಿತ್ರದುರ್ಗ ಇರುವುದು ಸುಮಾರು 14.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹೊಸದುರ್ಗ 13.8ರಲ್ಲಿ, ಉಳಿದೆರಡು ನಡುವೆ. ಏಪ್ರಿಲಿನಲ್ಲಿ ಸೂರ್ಯ ಬಡಗಲಿಗೆ ಹೊರಟಿರುವುದರಿಂದ ಮೊದಲ ಸರದಿ ಹೊಸದುರ್ಗದ್ದು. ಆಗಸ್ಟಿನಲ್ಲಿ ತೆಂಕಲಿಗೆ ಮರಳುವಾಗ ಮೊದಲು ದುರ್ಗ, ಕಡೆಗೆ ಹೊಸದುರ್ಗ. ನಡುವೆ ಒಂದೂವರೆ ದಿನದಷ್ಟೇ ಅಂತರ.

ನನ್ನನ್ನು ಕಾಡುವ ಒಗಟು ಆಕಾಶದ್ದಲ್ಲ, ಶಾಲೆಯ ಕ್ಯಾಲೆಂಡರಿನದು. ಏಪ್ರಿಲ್ ಕೊನೆಗೆ ಬೇಸಿಗೆ ರಜೆ, ಮಕ್ಕಳು ಅಜ್ಜಿ ಮನೆಯಲ್ಲಿ. ಆಗಸ್ಟ್ 15ಕ್ಕೆ ಮಕ್ಕಳೆಲ್ಲ ಬಂದಿರುತ್ತಾರೆ, ಅಂಗಳದ ನಟ್ಟನಡುವೆ ನೆಟ್ಟಗೆ ನಿಂತ ಎತ್ತರದ ಕಂಬವೂ ಇರುತ್ತದೆ. ನೆರಳು ಅಳೆಯಲು ಇದಕ್ಕಿಂತ ಒಳ್ಳೆಯ ಸಾಧನವನ್ನು ಯಾವ ಕಿಟ್ ಪೆಟ್ಟಿಗೆಯಲ್ಲೂ ಕೊಡಲಾರರು. ಆದರೆ ಬಾವುಟ ಹಾರಿಸಿ, ಭಾಷಣ ಮುಗಿಸಿ, ಲಾಡು ಹಂಚಿ, ಬಿಸಿಲು ಚುರುಕಾಗುವ ಮುಂಚೆಯೇ ಮನೆಗೆ ಕಳಿಸಿಬಿಡುತ್ತಾರೆ. ಕಂಬದ ನೆರಳು ಬುಡಕ್ಕೆ ಬಂದು ಸೇರುವುದು 12 ಗಂಟೆ 29 ನಿಮಿಷದ ಸುಮಾರಿಗೆ. ಅಷ್ಟರಲ್ಲಿ ಗೇಟಿಗೆ ಬೀಗ ಬಿದ್ದಿರುತ್ತದೆ.

ಮೋಡ ಮುಚ್ಚಿದ್ದರೆ ಏನೂ ಕಾಣುವುದಿಲ್ಲ, ಒಪ್ಪಿದೆ. ಆದರೂ ದುರ್ಗದ ಸೀಮೆಯ ಆಗಸ್ಟ್ ಮೋಡಗಳು ಮಳೆ ಕೊಡುವುದರಲ್ಲಿ ಎಷ್ಟು ಜಿಪುಣವೋ, ಬಿಸಿಲನ್ನು ಆಗಾಗ ಬಿಟ್ಟುಕೊಡುವುದರಲ್ಲಿ ಅಷ್ಟೇ ಧಾರಾಳ. ಬೆಂಗಳೂರಿನ ಶೂನ್ಯ ನೆರಳಿನ ದಿನದ ಬಗ್ಗೆ ಪ್ರತಿ ಏಪ್ರಿಲಿನಲ್ಲೂ ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ನಮ್ಮ ನಾಲ್ಕು ಊರುಗಳದ್ದು ರಾಷ್ಟ್ರೀಯ ಹಬ್ಬದ ಮಗ್ಗುಲಿಗೇ ಬಂದು ಕೂತಿದ್ದರೂ ಯಾರ ಕಣ್ಣಿಗೂ ಬಿದ್ದಂತಿಲ್ಲ.

ನೆರಳಿಗೂ ಬೆಳಕಿನ ಶಕ್ತಿಗೂ ಏನು ಸಂಬಂಧ ಎನ್ನುವವರಿಗೆ: ಸೂರ್ಯ ನೆತ್ತಿಯ ಮೇಲಿದ್ದಾಗ ಒಂದು ಚದರ ಮೀಟರ್ ಬೆಳಕು ಒಂದು ಚದರ ಮೀಟರ್ ನೆಲಕ್ಕೇ ಬೀಳುತ್ತದೆ. ಬೆಳಿಗ್ಗೆ ಸೂರ್ಯ 30 ಡಿಗ್ರಿ ಮೇಲೇರಿದಾಗ ಅದೇ ಬೆಳಕು ಎರಡು ಚದರ ಮೀಟರಿಗೆ ಹರಡಿಕೊಳ್ಳುತ್ತದೆ. ಆಗ ಮಗುವಿನ ನೆರಳು ಅದರ ಎತ್ತರದ 1.7 ಪಟ್ಟು. ನೆರಳು ಅಳೆದರೆ ಸಾಕು, ನೆಲದ ಪಾಲಿಗೆ ಎಷ್ಟು ಸಿಕ್ಕಿತು ಎಂದು ಲೆಕ್ಕ ಹಾಕಬಹುದು. ಖರ್ಚು ಒಂದು ಸೀಮೆಸುಣ್ಣದ್ದು.

*

ಒಂದು ಶಾಲೆಯಲ್ಲಿ ಬೆಳಕಿನ ಪಾಠ ನಡೆಯುವಾಗ ಹಿಂದಿನ ಸಾಲಿನಲ್ಲಿ ಕೂತು ಬರೆದುಕೊಂಡದ್ದು.

ಮೇಡಂ ಬೋರ್ಡಿನ ಮೇಲೆ ಬಲ್ಬು ಬರೆದರು, ಕನ್ನಡಿ ಬರೆದರು, ಬಲ್ಬಿನಿಂದ ಕನ್ನಡಿಗೆ ಒಂದು ಬಾಣ, ಕನ್ನಡಿಯಿಂದ ಹೊರಕ್ಕೆ ಇನ್ನೊಂದು ಬಾಣ. ಎರಡನೆಯ ಬಾಣ ಬೋರ್ಡಿನ ಅಂಚಿಗೆ ಬಂದು ನಿಂತಿತು. ಪತನ ಕೋನ, ಪ್ರತಿಫಲನ ಕೋನ, ಎರಡೂ ಸಮ. ಒಳ್ಳೆಯ ಪಾಠ, ಅಕ್ಷರ ದುಂಡಗೆ. ಅಂಚು ದಾಟಿದ ಮೇಲೆ ಆ ಬಾಣ ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ.

‘ಬೆಳಕು ಎಂದರೇನು?’

‘ಬೆಳಕು ಶಕ್ತಿಯ ಒಂದು ರೂಪ ಮಿಸ್!’ ಇಡೀ ಕೋಣೆ ಒಂದೇ ಉಸಿರಿಗೆ.

‘ಅದು ಏನು ಕೆಲಸ ಮಾಡ್ತದೆ?’

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಒಬ್ಬಳು: ‘ಕಾಣ್ಸ್ತದೆ ಮಿಸ್.’

ಅವಳ ಉತ್ತರದಲ್ಲಿ ತಪ್ಪೇನಿಲ್ಲ. ಪಾಠ ಹೇಳಿಕೊಟ್ಟದ್ದೂ ಅಷ್ಟನ್ನೇ. ನಮ್ಮ ಶಾಲೆಗಳಿಗೆ ಬಂದಿರುವ ಎನ್‌ಸಿಇಆರ್‌ಟಿ ಪಠ್ಯದ ಕನ್ನಡ ರೂಪವನ್ನೇ ತೆಗೆದುಕೊಳ್ಳಿ. ಆರನೆಯ ತರಗತಿಯಲ್ಲಿ ಬೆಳಕು, ನೆರಳು, ಸೂಜಿರಂಧ್ರ ಕ್ಯಾಮೆರಾ. ಏಳರಲ್ಲಿ ಸರಳ ರೇಖೆ, ಕನ್ನಡಿ, ಆಂಬುಲೆನ್ಸಿನ ತಿರುಗುಮುರುಗು ಅಕ್ಷರ, ಮಸೂರ, ಏಳು ಬಣ್ಣದ ಬಿಲ್ಲೆ. ಎಲ್ಲ ಚೆನ್ನಾಗಿದೆ. ಆದರೆ ಆ ಬೆಳಕು ಹೋದಲ್ಲೆಲ್ಲ ತಿರುಗುತ್ತದೆ, ಬಾಗುತ್ತದೆ, ಸೀಳುತ್ತದೆಯೇ ಹೊರತು ಎಲ್ಲಿಯೂ ಇಳಿದು ದುಡಿಯುವುದಿಲ್ಲ. ಅದು ದುಡಿಯುವುದು ಏಳನೆಯ ತರಗತಿಯ ಅದೇ ಪುಸ್ತಕದ ಮೊದಲ ಪಾಠದಲ್ಲಿ, ಸಸ್ಯಗಳ ಪೋಷಣೆಯಲ್ಲಿ. ಅಲ್ಲಿ ಎಲೆಗೆ ಕಪ್ಪು ಕಾಗದ ಸುತ್ತಿ, ಅಯೋಡಿನ್ ಹಾಕಿ, ಬೆಳಕು ಬೀಳದ ಕಡೆ ಪಿಷ್ಟವಿಲ್ಲವೆಂದು ತೋರಿಸುತ್ತಾರೆ. ಜೂನ್‌ನಲ್ಲಿ ಎಲೆಯ ಮೇಲೆ ಬಿದ್ದ ಬೆಳಕು, ವರ್ಷದ ಕೊನೆಗೆ ಕನ್ನಡಿಯ ಮೇಲೆ ಬೀಳುವ ಬೆಳಕು, ಎರಡಕ್ಕೂ ಮುಖಪರಿಚಯವಿಲ್ಲ. ಮಕ್ಕಳ ನೋಟ್ ಪುಸ್ತಕದಲ್ಲೂ ಒಂದು ‘ಜೀವ’ದ ಕಡೆ, ಇನ್ನೊಂದು ‘ಭೌತ’ದ ಕಡೆ.

ನನ್ನ ಅನುಮಾನ ಇಷ್ಟೇ: ಬೆಳಕು ಶಕ್ತಿ ಎನ್ನುವುದು ಬಾಣ ಹೊರಡುವಲ್ಲಿ ತಿಳಿಯುವುದಿಲ್ಲ, ಮುಗಿಯುವಲ್ಲಿ ತಿಳಿಯುತ್ತದೆ. ಬೋರ್ಡು ಅಷ್ಟು ದೂರ ಹೋಗುವುದಿಲ್ಲ.

*

ಹಿರಿಯೂರು. ಹೆದ್ದಾರಿ ಬಿಟ್ಟು ಒಳಗೆ ಹೋದರೆ ಒಂದು ತೋಟ. 1907ರಲ್ಲಿ ಕಟ್ಟಿ ಮುಗಿಸಿದ ವಾಣಿ ವಿಲಾಸ ಸಾಗರ ಕೂಗಳತೆಯಲ್ಲಿದ್ದರೂ ಈ ತೋಟಕ್ಕೆ ನಾಲೆ ನೀರು ಹತ್ತುವುದಿಲ್ಲ. ಬೋರ್‌ವೆಲ್ಲೇ ಗತಿ, ಅದಕ್ಕೆ ಸೋಲಾರ್ ಪಂಪು. ಬ್ಯಾಟರಿ ಇಲ್ಲ. ಬಿಸಿಲು ಬಿದ್ದರೆ ನೀರು, ಇಲ್ಲದಿದ್ದರೆ ಇಲ್ಲ.

ತೊಟ್ಟಿಯ ಹತ್ತಿರ ಕೂತು ನೋಡಿದೆ. ಪೈಪಿನಿಂದ ನೀರು ತೋಳಿನ ಗಾತ್ರ ಧುಮುಕುತ್ತಿತ್ತು. ಒಂದು ಮೋಡ ಬಂತು. ಧಾರೆ ಸಣ್ಣಗಾಯಿತು, ತೊಟ್ಟಿಯ ಗೋಡೆಯ ಹತ್ತಿರಕ್ಕೆ ಸರಿಯಿತು, ಕೊನೆಗೆ ಪೈಪಿನ ಬಾಯಿಂದ ಜೋತುಬಿದ್ದು ಸುರಿಯಿತು. ಮೋಡ ಸರಿದದ್ದೇ ಮತ್ತೆ ಧುಮುಕಿತು. ರೈತರ ಮೊಮ್ಮಗ, ಆರನೆಯ ತರಗತಿಯವನು, ಇದನ್ನೇ ಆಟ ಮಾಡಿಕೊಂಡಿದ್ದಾನೆ. ಹಳೇ ದುಪ್ಪಟಿ ತಂದು ಒಂದು ಪ್ಯಾನೆಲ್ ಮುಚ್ಚುತ್ತಾನೆ, ಓಡಿ ಬಂದು ಧಾರೆ ಎಲ್ಲಿಗೆ ಬೀಳುತ್ತದೆಂದು ನೋಡುತ್ತಾನೆ. ‘ಅಜ್ಜ ಬಯ್ತದೆ, ಹೇಳ್ಬೇಡಿ’ ಅಂದ. ನಾನು ಹೇಳಲಿಲ್ಲ.

ಐದು ಎಚ್‌ಪಿ ಪಂಪಿಗೆ ಹತ್ತಿರಹತ್ತಿರ ಐದು ಕಿಲೋವ್ಯಾಟಿನ ಪ್ಯಾನೆಲ್ ಬೇಕು. ನಡುಹಗಲಿನ ನೇರ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್ ತಂದು ಸುರಿಯುತ್ತದೆ. ಪ್ಯಾನೆಲ್ ಅದರಲ್ಲಿ ಐದನೇ ಒಂದು ಪಾಲನ್ನು ವಿದ್ಯುತ್ ಮಾಡಿ, ಉಳಿದದ್ದರಿಂದ ತಾನೇ ಕಾಯುತ್ತದೆ. 25 ಚದರ ಮೀಟರ್ ಬೆಳಕು ಪಾತಾಳದ ನೀರನ್ನು ಎತ್ತಿ ತೊಟ್ಟಿಗೆ ಹಾಕುತ್ತಿದೆ. ‘ಕಾಣ್ಸ್ತದೆ’ ಎಂದ ಹುಡುಗಿಯನ್ನು ಇಲ್ಲಿಗೆ ಕರೆತರಬೇಕಿತ್ತು.

ರೈತರಿಗೆ ಒಂದು ದೂರಿತ್ತು. ‘ಜನವರಿ ಬಿಸ್ಲಲ್ಲಿ ಚೆನ್ನಾಗಿ ಹೊಡೀತಿತ್ತು. ಈಗ ತಲೆ ಸುಡೋ ಬಿಸ್ಲು, ಇನ್ನೂ ಜೋರು ಹೊಡೀಬೇಕಲ್ಲ ಸ್ವಾಮಿ? ಕಂಪ್ನಿಯೋನು ಮೋಸ ಮಾಡ್ದ.’ ಮೋಸವಲ್ಲ. ಸಿಲಿಕಾನ್ ಪ್ಯಾನೆಲ್ಲಿಗೆ ಬೇಕಾದದ್ದು ಬೆಳಕು, ಕಾವಲ್ಲ. ಕಾವು ಒಂದು ಡಿಗ್ರಿ ಏರಿದರೆ ಅದರ ಉತ್ಪತ್ತಿ ಶೇಕಡ 0.4ರಷ್ಟು ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ಲಿನ ಮೈ 60 ಡಿಗ್ರಿ ದಾಟಿದರೆ, 25 ಡಿಗ್ರಿಯಲ್ಲಿ ಅಳೆದು ಚೀಟಿಯಲ್ಲಿ ಬರೆದದ್ದಕ್ಕಿಂತ ಶೇಕಡ 14ರಷ್ಟು ಖೋತಾ. ಜೊತೆಗೆ ದೂಳು. ನಾನು ಇಷ್ಟೆಲ್ಲ ಹೇಳಿದೆ. ಅವರು ತಲೆಯಾಡಿಸಿದರು, ನಂಬಲಿಲ್ಲ. ಬಿಸಿಲು ಅಂದರೆ ಒಂದೇ ಅಲ್ಲವೇ? ಕಾಣಿಸುವುದೂ ಅದೇ, ಸುಡುವುದೂ ಅದೇ. ಹನ್ನೊಂದು ವರ್ಷದ ಮಗುವಿಗೆ ಅದನ್ನು ಎರಡು ಮಾಡಿ ತೋರಿಸುವುದು ಹೇಗೆ? ಪಂಪು ತೋರಿಸುತ್ತಿದೆ, ಆದರೆ ಅದರ ಮಾತನ್ನು ಮೋಸ ಎಂದುಕೊಂಡಿದ್ದಾರೆ.

*

ಗ್ರಹಣದ ನೆನಪು. 2019ರ ಡಿಸೆಂಬರ್ 26, ಗುರುವಾರ ಬೆಳಿಗ್ಗೆ. ಕಾಸರಗೋಡಿನ ಚೆರುವತ್ತೂರಿನಲ್ಲಿ ಉಂಗುರ ಕಂಡಿತು, ನಮ್ಮ ಕಡೆ ಸೂರ್ಯನ ಬಹುಪಾಲು ಮುಚ್ಚಿತು. ಹೊಂಗೆ ಮರದ ಕೆಳಗೆ ನೂರಾರು ಕುಡುಗೋಲು ಚೆಲ್ಲಿದ ಹಾಗೆ ಸೂರ್ಯನ ಬಿಂಬಗಳು, ಎಲೆಗಳ ನಡುವಿನ ಪ್ರತಿ ಸಂದೂ ಒಂದೊಂದು ಸೂಜಿರಂಧ್ರ ಕ್ಯಾಮೆರಾ. ಒಂಬತ್ತೂವರೆಗೆ ಏರಬೇಕಿದ್ದ ಕಾವು ಏರಲಿಲ್ಲ, ಮೈಗೆ ಚಳಿ ಎನ್ನಿಸಿತು. ಬೆಳಕು ಕಡಿಮೆಯಾಯಿತು, ಊರು ತಣ್ಣಗಾಯಿತು. ಇದಕ್ಕಿಂತ ನೇರವಾದ ಪ್ರಯೋಗ ಇನ್ನೇನಿದೆ? ಹೊರಗೆ ಮಕ್ಕಳಿರಲಿಲ್ಲ. ಬಾಗಿಲು, ಕಿಟಕಿ ಎಲ್ಲ ಹಾಕಿಕೊಂಡಿದ್ದವು.

*

ಹೊಳಲ್ಕೆರೆ ಕಡೆಯ ಅಡಿಕೆ ತೋಟ. ಅಂಚಿನ ಸಾಲಿನ ಮರಗಳಿಗೆಲ್ಲ ಸುಣ್ಣ ಬಳಿದಿದ್ದಾರೆ. ಮದುವೆಮನೆಯ ಅಲಂಕಾರ ಇರಬೇಕು ಎಂದುಕೊಂಡು ಹತ್ತಿರ ಹೋದರೆ, ಬಳಿದದ್ದು ಒಂದೇ ಮಗ್ಗುಲಿಗೆ, ನೈಋತ್ಯದ ಕಡೆಗೆ. ಮಳೆಗಾಲ ಕಳೆದ ಮೇಲೆ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ಮಧ್ಯಾಹ್ನ ಮೂರರ ಬಿಸಿಲು ಆ ಮಗ್ಗುಲಿಗೇ ಬಡಿಯುತ್ತದೆ. ಹಸಿರು ಕಾಂಡ ಮೊದಲು ಹಳದಿಯಾಗಿ, ಕಂದಾಗಿ, ಆಮೇಲೆ ಬಿರಿಯುತ್ತದೆ, ಗಾಳಿ ಬಂದಾಗ ಅಲ್ಲಿಂದಲೇ ಮುರಿಯುತ್ತದೆ. ಸುಣ್ಣ ಬಳಿದರೆ ಬಂದ ಬೆಳಕು ವಾಪಸ್ಸು. ಹೊಸ ತೋಟ ಹಾಕುವವರಿಗೆ ಕೃಷಿ ವಿಜ್ಞಾನಿಗಳು ಇನ್ನೊಂದು ಉಪಾಯ ಹೇಳುತ್ತಾರೆ: ಸಾಲನ್ನು ಸರಿಯಾಗಿ ಉತ್ತರ-ದಕ್ಷಿಣಕ್ಕೆ ಹಿಡಿಯದೆ 35 ಡಿಗ್ರಿ ಪಶ್ಚಿಮಕ್ಕೆ ತಿರುಗಿಸಿ, ಆಗ ಒಂದು ಮರದ ನೆರಳು ಇನ್ನೊಂದನ್ನು ಕಾಯುತ್ತದೆ.

ಪ್ರತಿಫಲನ, ಹೀರಿಕೆ, ಕೋನ, ನೆರಳು, ಬೆಳಕು ಶಕ್ತಿಯಾಗಿ ಕಾಂಡ ಸೀಳುವುದು, ಎಲ್ಲವೂ ಒಂದೇ ಮರದಲ್ಲಿ. ಸುಣ್ಣ ಬಳಿಯುವವರ ಮಗ ಶಾಲೆಯಲ್ಲಿ ಕನ್ನಡಿ-ಬಾಣ ಬರೆಯುತ್ತಿದ್ದಾನೆ. ಅವನನ್ನು ಕೇಳಿದೆ, ‘ಮರಕ್ಕೆ ಯಾಕಪ್ಪ ಸುಣ್ಣ?’ ‘ಬಿಸ್ಲು ಬಡೀಬಾರ್ದು ಅಂತ.’ ‘ಸುಣ್ಣ ಹಚ್ಚಿದ್ರೆ ಯಾಕೆ ಬಡಿಯಲ್ಲ?’ ‘ಬೆಳ್ಳಗಿರ್ತದಲ್ಲ, ಅದ್ಕೆ.’ ‘ನಿಮ್ಮ ಪುಸ್ತಕದ ಪ್ರತಿಫಲನ ಇದೇನಾ?’ ಬಹಳ ಹೊತ್ತು ಯೋಚಿಸಿ ಹೇಳಿದ: ‘ಅದು ಕನ್ನಡೀದು.’

ಅದೇ ಮನೆಯ ಕಣದಲ್ಲಿ ಬೇಯಿಸಿ, ಚೊಗರು ಕಟ್ಟಿದ ಅಡಿಕೆ ಒಣಗುತ್ತಿತ್ತು. ಬೆಳ್ಳನೆಯ ಸುಣ್ಣದಿಂದ ಬಿಸಿಲನ್ನು ಓಡಿಸುವ ಅದೇ ಕೈ, ಕೆಂಪು-ಕಪ್ಪಿನ ಅಡಿಕೆಯನ್ನು ಬಿಸಿಲಿಗೆ ಹರವುತ್ತದೆ. ಅಂಗಳಕ್ಕೆ ಬಿದ್ದ ಬೆಳಕು ನೀರನ್ನು ಆವಿ ಮಾಡಿ ಹಾರಿಸುತ್ತಿದೆ. ಒಂದು ಲೀಟರ್ ನೀರು ಆವಿಯಾಗಲು ಹತ್ತಿರಹತ್ತಿರ ಒಂದು ಯೂನಿಟ್ ವಿದ್ಯುತ್ತಿನ ಮೂರನೇ ಎರಡು ಪಾಲಿನಷ್ಟು ಶಕ್ತಿ ಬೇಕು. ಆ ಕಣದ ಬಿಲ್ಲು ಬೆಸ್ಕಾಂ ಹಾಕುವುದಿದ್ದರೆ ಅಡಿಕೆಯ ರೇಟಿಗೂ ಗಿಟ್ಟುತ್ತಿರಲಿಲ್ಲ.

ಊರಿನ ಬಯಲು ಗಣಪತಿಗೆ ಮೇಲೆ ಸೂರಿಲ್ಲ. ಆಗಸ್ಟ್ 15ರ ಮಧ್ಯಾಹ್ನ ಅವನ ನೆರಳೂ ಪೀಠ ಬಿಟ್ಟು ಆಚೆ ಬರಲಾರದು. ಶಾಲೆಗೆ ಬೀಗ ಬಿದ್ದರೂ ಇಲ್ಲಿ ನೋಡಬಹುದಲ್ಲ ಎನ್ನಿಸಿತು.

*

ದುರ್ಗದ ಕೋಟೆ, ಸಂಜೆ. ಏಕನಾಥೇಶ್ವರಿ ಗುಡಿಯ ಆಚೆ ಬಂಡೆಗೆ ಒರಗಿದರೆ ಬೆನ್ನು ಕಾಯುತ್ತದೆ. ಸೂರ್ಯ ಮುಳುಗಿ ಎಷ್ಟೋ ಹೊತ್ತಾಗಿದೆ, ಕಲ್ಲು ಮಾತ್ರ ಹಗಲೆಲ್ಲ ನುಂಗಿದ್ದನ್ನು ಈಗ ಬಿಡುತ್ತಿದೆ. ಬಿಡುವುದೂ ಬೆಳಕನ್ನೇ, ಕಣ್ಣಿಗೆ ಕಾಣದ ಅವಕೆಂಪು. ಬೆನ್ನಿಗೆ ಗೊತ್ತಾಗುತ್ತದೆ, ಕಣ್ಣಿಗಿಲ್ಲ.

ಪ್ರವಾಸ ಬಂದ ಶಾಲೆಯೊಂದರ ಮಕ್ಕಳು ಎಣ್ಣೆ ಕೊಳದ ಬಳಿ ಗೈಡಿನ ಮಾತು ಕೇಳುತ್ತಿದ್ದರು. 1779ರಲ್ಲಿ ಹೈದರಾಲಿಯ ಕೈಗೆ ಸಿಗುವ ತನಕ ಈ ಗುಡ್ಡದ ಮೇಲೆ ರಾತ್ರಿ ಉರಿದ ದೀಪಗಳಿಗೆ ಎಣ್ಣೆ ಎಲ್ಲಿಂದ? ಬೀಜದಿಂದ. ಬೀಜ ಕಟ್ಟಿದ್ದು ಬಿಸಿಲಿನಿಂದ. ಈಗಲೂ ಇದೇ ಜಿಲ್ಲೆಯ ಚಳ್ಳಕೆರೆಗೆ ಎಣ್ಣೆ ನಗರ ಎಂದೇ ಹೆಸರು, ಸುತ್ತಲಿನ ಕಡಲೆಕಾಯಿ ಹೊಲಗಳ ಬಿಸಿಲನ್ನು ಹಿಂಡಿ ಡಬ್ಬಕ್ಕೆ ತುಂಬುವ ಊರು ಅದು. ಹೊಲದಲ್ಲಿ ಬಿದ್ದ ಬೆಳಕು ದೀಪದಲ್ಲಿ ಬೆಳಕಾಗಿಯೇ ಹೊರಬರುವ ಈ ಸುತ್ತನ್ನು ಗೈಡ್ ಹೇಳಲಿಲ್ಲ, ಜೊತೆಗಿದ್ದ ಮೇಷ್ಟ್ರೂ ಹೇಳಲಿಲ್ಲ. ಇದು ಇತಿಹಾಸದ ಪ್ರವಾಸ, ವಿಜ್ಞಾನದ್ದಲ್ಲ. ಎದುರಿಗೆ ಜೋಗಿಮಟ್ಟಿಯ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು. ‘ಊರಿಗೆ ಫ್ಯಾನ್ ಹಾಕವ್ರೆ’ ಎಂದು ಒಬ್ಬ, ‘ಅವೇ ಮೋಡ ಓಡ್ಸೋದು ಕಣೋ’ ಎಂದು ಇನ್ನೊಬ್ಬ. ನೆಲವನ್ನು ಅಲ್ಲಿಷ್ಟು ಇಲ್ಲಿಷ್ಟು ಕಾಯಿಸಿ ಗಾಳಿಯನ್ನು ಎಬ್ಬಿಸುವುದೂ ಸೂರ್ಯನ ಬೆಳಕೇ ಎಂದು ಬಾಯಿ ಹಾಕಬೇಕೆನಿಸಿತು. ಆದರೆ ಬಸ್ಸಿನ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ.

*

ಸಾಣೇಹಳ್ಳಿ, ಹೊಸದುರ್ಗ ತಾಲ್ಲೂಕು. 1997ರಿಂದ ಊರೂರಿಗೆ ನಾಟಕ ಒಯ್ಯುತ್ತಿರುವ ಶಿವಸಂಚಾರದ ಊರು. ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಕೂತಾಗ ಹಿಂದೆ ರಂಗಬೆಳಕಿನ ಕೆಲಸ ಮಾಡುತ್ತಿದ್ದವರೊಬ್ಬರು ಸಿಕ್ಕಿದ್ದರು. ಹಳೇ ಹ್ಯಾಲೋಜನ್ ದೀಪಗಳ ಮುಂದೆ ಕಟ್ಟುವ ಬಣ್ಣದ ಹಾಳೆಗಳಲ್ಲಿ ಎಲ್ಲಕ್ಕಿಂತ ಬೇಗ ಸುಟ್ಟು ತೂತಾಗುವುದು ಗಾಢ ನೀಲಿ, ತಿಳಿ ಹಳದಿ ಬಹಳ ದಿನ ಬಾಳುತ್ತದೆ ಅಂದರು. ಯಾಕೆ? ನೀಲಿ ಹಾಳೆ ನೀಲಿಯನ್ನಷ್ಟೇ ಬಿಟ್ಟು ಉಳಿದದ್ದೆಲ್ಲವನ್ನೂ ತಾನೇ ನುಂಗುತ್ತದೆ, ನುಂಗಿದ್ದು ಕಾವಾಗುತ್ತದೆ. ಹಳದಿ ಹೆಚ್ಚಿನದನ್ನು ದಾಟಿಸಿಬಿಡುತ್ತದೆ. ರಂಗದ ಮೇಲೆ ಬೆಳದಿಂಗಳು ಬೇಕೆಂದರೆ ಹಾಳೆ ಸುಡಬೇಕು.

*

ಫೆಬ್ರವರಿ 28. ವಿಜ್ಞಾನ ದಿನ. 1987ರಿಂದ ಆಚರಿಸುತ್ತಿದ್ದೇವೆ. ಮಕ್ಕಳ ಭಾಷಣದಲ್ಲಿ ಸಿ.ವಿ. ರಾಮನ್ ಹಡಗಿನಲ್ಲಿ ಹೋದರು, ಸಮುದ್ರದ ನೀಲಿ ಕಂಡರು, 1930ರಲ್ಲಿ ನೊಬೆಲ್ ಬಂತು. ಚಪ್ಪಾಳೆ. 1928ರ ಆ ದಿನ ಅವರು ಕಂಡದ್ದಾದರೂ ಏನು? ಬೆಳಕು ಅಣುವಿಗೆ ತಾಗಿ ಹೊರಬರುವಾಗ ಅದರ ಒಂದು ಸಣ್ಣ ಪಾಲು ತನ್ನ ಶಕ್ತಿಯಲ್ಲಿ ಸ್ವಲ್ಪ ಕೊಟ್ಟು, ಇಲ್ಲವೇ ಪಡೆದು, ಬಣ್ಣ ಬದಲಿಸಿಕೊಂಡು ಬರುತ್ತದೆ ಎಂಬುದು. ‘ಬೆಳಕು ಶಕ್ತಿಯ ಒಂದು ರೂಪ’ ಎಂಬ ಸಾಲಿಗೆ ನಮ್ಮವರೇ ಕೊಟ್ಟ ಪುರಾವೆ ಅದು. ಹಡಗು ಉಳಿಯಿತು, ಲೆಕ್ಕ ಹೋಯಿತು.

*

ಹೊಸದುರ್ಗದ ಹತ್ತಿರದ ಒಂದು ಶಾಲೆ. ಹೊರಗೆ ಮೋಡ, ಒಳಗೆ 9 ವ್ಯಾಟಿನ ಎಲ್‌ಇಡಿ ಬಲ್ಬು. ಮೊದಲು ಇದೇ ಹೋಲ್ಡರಿನಲ್ಲಿ 60 ವ್ಯಾಟಿನ ಹಳದಿ ಬಲ್ಬು ಇತ್ತಂತೆ. ಆಗ ಮೇಷ್ಟ್ರು ‘ಮುಟ್ಟಿ ನೋಡಿ, ಸುಡ್ತದಲ್ಲ, ಅದೇ ಶಕ್ತಿ’ ಎನ್ನುತ್ತಿದ್ದರು. ಪಾಪ, ಆ ಬಲ್ಬು ತಿಂದ ವಿದ್ಯುತ್ತಿನಲ್ಲಿ ಕಾಣುವ ಬೆಳಕಾಗುತ್ತಿದ್ದದ್ದು ನೂರಕ್ಕೆ ಐದೇ ಪಾಲು, ಅಂದರೆ 3 ವ್ಯಾಟ್. ಕೈ ಸುಡುತ್ತಿದ್ದದ್ದು ಉಳಿದದ್ದರಿಂದ. ಎಲ್‌ಇಡಿಯ ಬೆಳಕೂ ಸುಮಾರು 3 ವ್ಯಾಟೇ, ಆದರೆ ಮುಟ್ಟಿದರೆ ಬೆಚ್ಚಗಷ್ಟೇ. ‘ಈಗ ಯಾವ್ದನ್ನ ಮುಟ್ಟಿಸೋದು ಹೇಳಿ?’ ಎಂದು ಮೇಷ್ಟ್ರು ನಕ್ಕರು. ಭೂತಗನ್ನಡಿ ಇದೆ, ಮೋಡ ಸರಿದರೆ ಕಾಗದ ಸುಟ್ಟು ತೋರಿಸಬಹುದು. ಐದು ಸೆಂಟಿಮೀಟರ್ ಅಗಲದ ಗಾಜು ಹಿಡಿಯುವ ಬಿಸಿಲು ಬರೀ 2 ವ್ಯಾಟ್, ಆದರೂ ಕಾಗದ ಹೊಗೆಯಾಡುತ್ತದೆ. 3 ವ್ಯಾಟ್ ಕೋಣೆಗೆಲ್ಲ ಹಂಚಿಹೋಗುತ್ತದೆ, 2 ವ್ಯಾಟ್ ಸಾಸಿವೆಯಷ್ಟು ಜಾಗಕ್ಕೆ ಬೀಳುತ್ತದೆ. ಮೋಡ ಸರಿಯಲಿಲ್ಲ.

ಅಷ್ಟರಲ್ಲಿ ಮೂಲೆಯಿಂದ ಒಬ್ಬ: ‘ಸಾ, ಲೈಟ್ ಆಫ್ ಮಾಡಿದ್ ಮೇಲೆ ಬೆಳಕು ಎಲ್ಲಿಗೋಯ್ತದೆ? ಕಿಟ್ಕಿ ಮುಚ್ಚೈತಲ್ಲ.’

ನಾನು ಪುಸ್ತಕದಲ್ಲಿ ಹುಡುಕುತ್ತಿದ್ದ ಪ್ರಶ್ನೆ ಇದೇ. ಮೇಷ್ಟ್ರು ತಪ್ಪಿಸಿಕೊಳ್ಳಲಿಲ್ಲ, ಸೀಮೆಸುಣ್ಣ ತೆಗೆದುಕೊಂಡರು. ಕೋಣೆ ಮೂರು ಮೀಟರ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುವ ಬೆಳಕು ಒಂದು ಗೋಡೆಯಿಂದ ಇನ್ನೊಂದಕ್ಕೆ ಹೋಗಲು ಸೆಕೆಂಡಿನ ಹತ್ತು ಕೋಟಿಯ ಒಂದು ಪಾಲು ಸಾಕು. ಸುಣ್ಣದ ಗೋಡೆ ನೂರರಲ್ಲಿ ಎಂಬತ್ತನ್ನು ವಾಪಸ್ ಕಳಿಸುತ್ತದೆ, ಇಪ್ಪತ್ತನ್ನು ಇಟ್ಟುಕೊಳ್ಳುತ್ತದೆ. ಎಂಬತ್ತು ಎದುರು ಗೋಡೆಗೆ ಹೋದರೆ ಅರವತ್ತನಾಲ್ಕು. ಆಮೇಲೆ ಐವತ್ತೊಂದು. ಹೀಗೆ ಅರವತ್ತು ಚಿಲ್ಲರೆ ಸಲ ಬಡಿದಾಡುವಷ್ಟರಲ್ಲಿ ಉಳಿಯುವುದು ಹತ್ತು ಲಕ್ಷದಲ್ಲೊಂದು ಪಾಲು. ಇಷ್ಟೆಲ್ಲ ಮುಗಿಯುವುದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿಗಿಂತ ಮೊದಲೇ. ಸ್ವಿಚ್ಚಿನ ಟಕ್ ಸದ್ದು ಕಿವಿಗೆ ಬೀಳುವ ಮುಂಚೆಯೇ ಬೆಳಕೆಲ್ಲ ಗೋಡೆಯೊಳಗೆ. ಗೋಡೆ ಅಷ್ಟರ ಮಟ್ಟಿಗೆ ಬೆಚ್ಚಗಾಯಿತು, ಯಾವ ಕೈಗೂ ತಿಳಿಯದಷ್ಟು.

‘ಹಂಗಾರೆ ದಿನಾ ಲೈಟ್ ಹಾಕಿದ್ರೆ ರೂಮು ಕಾಯ್ತದಾ ಸಾ?’

ಕಾಯುತ್ತದೆ, 9 ವ್ಯಾಟಿನಷ್ಟು. ಬಲ್ಬಿನ ಬೆಳಕು, ಬಲ್ಬಿನ ಬಿಸಿ ಎರಡೂ ಕೊನೆಗೆ ಕೋಣೆಯ ಕಾವೇ. ಅದಕ್ಕಿಂತ ಹೆಚ್ಚು ಕಾಯಿಸುವವರು ನೀವು ಎಂದರು ಮೇಷ್ಟ್ರು. ಸುಮ್ಮನೆ ಕೂತ ದೊಡ್ಡವರ ಮೈಯಿಂದ 100 ವ್ಯಾಟ್ ಬರುತ್ತದೆ, ಮಕ್ಕಳದ್ದು ಅರವತ್ತು ಎಂದಿಟ್ಟುಕೊಳ್ಳಿ. ನಲವತ್ತು ಜನಕ್ಕೆ ಎಷ್ಟು? ಬಾಯಿಲೆಕ್ಕದಲ್ಲಿ 2400 ಬಂತು. ಅದೆಲ್ಲ ಎಲ್ಲಿಂದ ಬಂತು? ಮುದ್ದೆಯಿಂದ, ಬಿಸಿಯೂಟದ ಅನ್ನ-ಸಾಂಬಾರಿನಿಂದ. ರಾಗಿಗೆ ಎಲ್ಲಿಂದ? ಹೊಲದ ಬಿಸಿಲಿನಿಂದ. ಜೂನ್ ಪಾಠದ ಎಲೆ ಹೀಗೆ ಬೆಳಕಿನ ಪಾಠದೊಳಕ್ಕೆ ಬಂದು ಕೂತಿತು, ಯಾರೂ ಪುಟ ತಿರುಗಿಸದೆಯೇ.

ಮೂಲೆಯವನು ಮತ್ತೆ ಎದ್ದು ನಿಂತ. ‘ಹಂಗಾರೆ ಲೈಟ್ ಆರ್ಸೋ ಬದ್ಲು ನಮ್ಮನ್ನೇ ಮನೇಗ್ ಕಳ್ಸಿ ಸಾ. ರೂಮು ಬೇಗ ತಣ್ಣಗಾಯ್ತದೆ.’

ಲೆಕ್ಕದಲ್ಲಿ ತಪ್ಪಿಲ್ಲ ಎಂದು ಮೇಷ್ಟ್ರು ಒಪ್ಪಿದರು. ಆಗಿನ್ನೂ ಎರಡನೇ ಪೀರಿಯಡ್ಡು.